ಡೇಟಾ ಯಾರ ಸ್ವತ್ತು? ‘ದಿ ಮೆಷರ್ ಆಫ್ ಎ ಮ್ಯಾನ್’ ಕಂತಿನ ವಿಚಾರಣೆಯನ್ನು ಮತ್ತೆ ನೋಡಿದಾಗ

ಕಮಾಂಡರ್ ರೈಕರ್ ಒಬ್ಬನೇ ಕೂತು ಕಂಪ್ಯೂಟರ್ ಪರದೆಯ ಮೇಲೆ ಡೇಟಾನ ಒಳರಚನೆಯ ನಕ್ಷೆ ನೋಡುತ್ತಿದ್ದಾನೆ. ಮರುದಿನ ಕೋರ್ಟಿನಲ್ಲಿ ಅವನು ವಾದಿಸಬೇಕಾಗಿರುವುದು ಡೇಟಾನ ವಿರುದ್ಧ. ಡೇಟಾ ಅವನ ಸಹೋದ್ಯೋಗಿ, ಗೆಳೆಯ, ಜೊತೆಗೆ ಒಂದು ಯಂತ್ರ. ನಕ್ಷೆಯನ್ನು ಹಿಗ್ಗಿಸುತ್ತಾ ಹೋದಂತೆ ಒಂದು ಕಡೆ ಅವನ ಕಣ್ಣು ನಿಲ್ಲುತ್ತದೆ. ಡೇಟಾನನ್ನು ಆಫ್ ಮಾಡುವ ಸ್ವಿಚ್ ಸಿಕ್ಕಿದೆ. ಕೇಸು ಗೆಲ್ಲುವ ದಾರಿ ಕಂಡ ವಕೀಲನ ನಗು ರೈಕರನ ಮುಖದಲ್ಲಿ ಒಂದು ಕ್ಷಣ ಅರಳುತ್ತದೆ. ಮರುಕ್ಷಣವೇ ತಾನು ಯಾಕೆ ನಗುತ್ತಿದ್ದೇನೆಂದು ಹೊಳೆದು ಆ ನಗು ಬಾಡುತ್ತದೆ. ಜೊನಾಥನ್ ಫ್ರೇಕ್ಸ್ ಮಾತೇ ಇಲ್ಲದೆ ಅಭಿನಯಿಸಿದ ಈ ಕೆಲವು ಸೆಕೆಂಡುಗಳನ್ನು ನೋಡಿಯೇ ಅರಿಯಬೇಕು.

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಸರಣಿಯ ಎರಡನೇ ಸೀಸನ್ನಿನ ಒಂಬತ್ತನೇ ಕಂತು ‘ದಿ ಮೆಷರ್ ಆಫ್ ಎ ಮ್ಯಾನ್’. ಅಮೆರಿಕದಲ್ಲಿ ಪ್ರಸಾರವಾದದ್ದು 1989ರ ಫೆಬ್ರವರಿಯಲ್ಲಿ. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ ಬಂದದ್ದು ಇದರ ಹಿಂದಿನ ತಲೆಮಾರು, ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ ಇದ್ದ ಮೂಲ ಸರಣಿ. ‘ನೆಕ್ಸ್ಟ್ ಜನರೇಶನ್’ನಲ್ಲಿ ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಪಿಕಾರ್ಡ್, ಪಾತ್ರ ಮಾಡಿದವರು ಪ್ಯಾಟ್ರಿಕ್ ಸ್ಟೀವರ್ಟ್. ಬ್ರೆಂಟ್ ಸ್ಪೈನರ್ ಅಭಿನಯಿಸಿದ ಡೇಟಾ ಅದೇ ಹಡಗಿನ ಅಧಿಕಾರಿ, ಒಬ್ಬ ಆಂಡ್ರಾಯ್ಡ್, ಅಂದರೆ ಮನುಷ್ಯರೂಪದ ಯಂತ್ರ. ಈ ಕಂತಿನಲ್ಲಿ ಯುದ್ಧವಿಲ್ಲ, ಶತ್ರು ಹಡಗಿಲ್ಲ. ಒಂದು ಬಾಹ್ಯಾಕಾಶ ನೆಲೆಯ ಕೋಣೆಯಲ್ಲಿ ನಾಲ್ಕೈದು ಜನ ಕೂತು ವಾದ ಮಾಡುತ್ತಾರೆ, ಅಷ್ಟೆ. ಯಂತ್ರಕ್ಕೆ ಹಕ್ಕು ಇರಬಹುದೇ ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿಟ್ಟ ಇನ್ನೊಂದು ಟಿವಿ ಕಂತು ನನಗೆ ಗೊತ್ತಿಲ್ಲ. ಈಗಿನ ಎಐ ಚರ್ಚೆಯಲ್ಲಿ ನಾವು ಕಲಸಿಬಿಡುವ ಮೂರ್ನಾಲ್ಕು ಬೇರೆಬೇರೆ ಪ್ರಶ್ನೆಗಳು ಇಲ್ಲಿ ಒಂದೊಂದಾಗಿ ಎದುರಾಗುತ್ತವೆ.

ಕಥೆ ಶುರುವಾಗುವುದು ಇಸ್ಪೀಟು ಮೇಜಿನಲ್ಲಿ. ಡೇಟಾ ಮೊದಲ ಸಲ ಪೋಕರ್ ಆಡುತ್ತಿದ್ದಾನೆ. ಆಟದ ಬಗ್ಗೆ ಇರುವ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದಾನೆ, ನಿಯಮಗಳು ಬಾಯಿಪಾಠ. ಆದರೂ ಕೈಯಲ್ಲಿ ಏನೂ ಇಲ್ಲದ ರೈಕರ್ ಧೈರ್ಯವಾಗಿ ಪಣ ಏರಿಸಿದಾಗ ನಂಬಿ ಎಲೆ ಕೆಳಗಿಡುತ್ತಾನೆ. ಗೆಲ್ಲಲಾಗದ ಎಲೆ ಹಿಡಿದು ಪಣ ಕಟ್ಟುವುದು ಅವನಿಗೆ ಅರ್ಥವೇ ಆಗುವುದಿಲ್ಲ. ಕಂತಿನ ಮುಖ್ಯ ವಾದಕ್ಕೆ ಈ ಸಣ್ಣ ದೃಶ್ಯವೇ ಅಡಿಪಾಯ.

ಆಗ ಬರುತ್ತಾನೆ ಸೈಬರ್ನೆಟಿಕ್ಸ್ ತಜ್ಞ ಕಮಾಂಡರ್ ಬ್ರೂಸ್ ಮ್ಯಾಡಾಕ್ಸ್. ಡೇಟಾನನ್ನು ನಿರ್ಮಿಸಿದ ಡಾ. ನೂನಿಯನ್ ಸೂಂಗ್ ಈಗ ಇಲ್ಲ, ಅವನ ವಿದ್ಯೆ ಬೇರೆ ಯಾರಿಗೂ ಗೊತ್ತಿಲ್ಲ. ಡೇಟಾನನ್ನು ಬಿಚ್ಚಿ, ‘ಪಾಸಿಟ್ರಾನಿಕ್’ ಎಂದು ಕರೆಯುವ ಅವನ ಕೃತಕ ಮೆದುಳು ಹೇಗೆ ಕೆಲಸ ಮಾಡುತ್ತದೆಂದು ಕಂಡುಹಿಡಿದು, ಅಂಥ ಇನ್ನಷ್ಟು ಆಂಡ್ರಾಯ್ಡುಗಳನ್ನು ಮಾಡಬೇಕು, ಪ್ರತಿ ಹಡಗಿಗೂ ಒಂದೊಂದು ಡೇಟಾ ಇರಬೇಕು ಎಂಬುದು ಮ್ಯಾಡಾಕ್ಸನ ಕನಸು. ಡೇಟಾನ ನೆನಪುಗಳನ್ನು ಮೊದಲೇ ನೆಲೆಯ ಕಂಪ್ಯೂಟರಿಗೆ ಇಳಿಸಿಕೊಂಡು, ಕೆಲಸವಾದ ಮೇಲೆ ವಾಪಸ್ ತುಂಬುವ ಯೋಜನೆ. ಡೇಟಾ ಪ್ರಸ್ತಾಪವನ್ನು ಪೂರ್ತಿ ಓದಿ ಬೇಡವೆನ್ನುತ್ತಾನೆ. ಮಾಹಿತಿಯೇನೋ ಉಳಿಯಬಹುದು, ಆದರೆ ಅನುಭವದ ಸಾರ ಉಳಿಯುವ ಖಾತ್ರಿ ಇಲ್ಲ ಎಂಬುದು ಅವನ ಆಕ್ಷೇಪ. ಪುಸ್ತಕ ಓದಿ ತಿಳಿದ ಪೋಕರೇ ಬೇರೆ, ಮೇಜಿನಲ್ಲಿ ಕೂತು ಆಡಿದ ಪೋಕರೇ ಬೇರೆ ಎಂದು ಉದಾಹರಣೆಯನ್ನೂ ಕೊಡುತ್ತಾನೆ. ಭಾವನೆಗಳೇ ಇಲ್ಲ ಎಂದು ಎಲ್ಲರೂ, ಸ್ವತಃ ಅವನೂ ಹೇಳಿಕೊಳ್ಳುವ ಯಂತ್ರವೊಂದು ನೆನಪಿಗೂ ದತ್ತಾಂಶಕ್ಕೂ ಇರುವ ವ್ಯತ್ಯಾಸವನ್ನು ಮನುಷ್ಯನಿಗೆ ತಿಳಿಹೇಳುತ್ತಿದೆ.

ವರ್ಗಾವಣೆಯ ಆದೇಶ ಬಂದಾಗ ತಪ್ಪಿಸಿಕೊಳ್ಳಲು ಡೇಟಾ ರಾಜೀನಾಮೆ ಕೊಡುತ್ತಾನೆ. ಕಾನೂನಿನ ತೊಡಕು ಶುರುವಾಗುವುದು ಇಲ್ಲಿಂದ. ಎಂಟರ್‌ಪ್ರೈಸಿನ ಕಂಪ್ಯೂಟರ್ ತನಗೆ ರಿಪೇರಿ ಬೇಡ ಎಂದರೆ ಒಪ್ಪುತ್ತೀರಾ ಎಂದು ಮ್ಯಾಡಾಕ್ಸ್ ಕೇಳುತ್ತಾನೆ. ಡೇಟಾ ಈ ಹಡಗುಗಳನ್ನು ನಡೆಸುವ ಪಡೆಯಾದ ಸ್ಟಾರ್‌ಫ್ಲೀಟಿನ ಸ್ವತ್ತು, ಸ್ವತ್ತಿಗೆ ರಾಜೀನಾಮೆ ಕೊಡುವ ಅಧಿಕಾರ ಎಲ್ಲಿಂದ ಬರಬೇಕು? ನೆಲೆಯ ಕಾನೂನು ಅಧಿಕಾರಿ ಕ್ಯಾಪ್ಟನ್ ಫಿಲಿಪಾ ಲೂವ್ವಾ ಹಳೆಯ ಕಾಯಿದೆ ತಿರುವಿ ನೋಡಿ, ಹೌದು, ಡೇಟಾ ಸ್ವತ್ತೇ ಎಂದು ಮೊದಲು ಹೇಳುತ್ತಾಳೆ.

ಈ ತಿರುವಿನಲ್ಲಿ ಅಮೆರಿಕದ ಇತಿಹಾಸವೇ ಅಡಗಿದೆ. ಕಥೆ ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಮೊದಲು ವಕೀಲೆಯಾಗಿದ್ದವರು. ಅವರ ಮನಸ್ಸಿನಲ್ಲಿದ್ದದ್ದು ಡ್ರೆಡ್ ಸ್ಕಾಟ್ ಪ್ರಕರಣ. ಗುಲಾಮನಾಗಿದ್ದ ಸ್ಕಾಟ್ ತನ್ನ ಒಡೆಯನ ಜೊತೆ ಗುಲಾಮಗಿರಿ ನಿಷೇಧವಿದ್ದ ಇಲಿನಾಯ್ ಮತ್ತು ವಿಸ್ಕಾನ್ಸಿನ್ ಪ್ರದೇಶಗಳಲ್ಲಿ ವರ್ಷಗಟ್ಟಲೆ ಇದ್ದು ಬಂದ. ಹಾಗಾಗಿ ನಾನು ಸ್ವತಂತ್ರ ಎಂದು 1846ರಲ್ಲಿ ಮಿಸೌರಿಯಲ್ಲಿ ದಾವೆ ಹೂಡಿದ. 1857ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಅವನ ವಿರುದ್ಧ ತೀರ್ಪು ಕೊಟ್ಟಿತು. ಕಪ್ಪು ಜನ ಅಮೆರಿಕದ ಪ್ರಜೆಗಳಾಗಲಾರರು, ಆದ್ದರಿಂದ ಸ್ಕಾಟ್‌ಗೆ ಈ ಕೋರ್ಟಿನಲ್ಲಿ ದಾವೆ ಹೂಡುವ ಹಕ್ಕೇ ಇಲ್ಲ ಎಂದಿತು. ನ್ಯಾಯ ಕೇಳಲು ಬಂದವನಿಗೆ ಬಾಗಿಲಲ್ಲೇ ತಡೆ. ಡೇಟಾನ ರಾಜೀನಾಮೆಗೆ ಆದದ್ದೂ ಇದೇ. ಅವನು ಹೇಳಿದ್ದು ಸರಿಯೋ ತಪ್ಪೋ ಎಂದು ಯಾರೂ ನೋಡಲಿಲ್ಲ, ಹೇಳುವ ಅಧಿಕಾರವೇ ಅವನಿಗಿಲ್ಲ ಎಂದರು.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಕಾನೂನು ಹೇಳುವ ‘ವ್ಯಕ್ತಿ’ಗೂ ನಾವು ದಿನಬಳಕೆಯಲ್ಲಿ ಹೇಳುವ ಮನುಷ್ಯನಿಗೂ ನೇರ ಸಂಬಂಧವಿಲ್ಲ. ಸ್ವತ್ತು ಹೊಂದಬಲ್ಲ, ದಾವೆ ಹೂಡಬಲ್ಲ, ದಾವೆ ಎದುರಿಸಬಲ್ಲ ಎಂದು ಕಾನೂನು ಒಪ್ಪಿಕೊಂಡ ಯಾವುದೇ ಆಗಲಿ, ಅದು ಕಾನೂನಿನ ವ್ಯಕ್ತಿ. ಕಂಪನಿ ಹಾಗೆ ಒಬ್ಬ ವ್ಯಕ್ತಿ. ನಮ್ಮಲ್ಲಿ ದೇವರೂ ವ್ಯಕ್ತಿಯೇ: ದೇವಸ್ಥಾನದ ಮೂರ್ತಿಗೆ ಈ ಸ್ಥಾನವಿದೆ ಎಂಬುದನ್ನು ಬ್ರಿಟಿಷ್ ಆಳ್ವಿಕೆಯ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1925ರಲ್ಲೇ ಎತ್ತಿಹಿಡಿದಿದೆ. ಮುಜರಾಯಿ ದೇವಸ್ಥಾನದ ಜಮೀನಿನ ಪಹಣಿ ತೆಗೆಸಿದರೆ ಮಾಲೀಕರ ಕಾಲಂನಲ್ಲಿ ದೇವರ ಹೆಸರೇ ಇರುವುದನ್ನು ನೋಡಬಹುದು. 2017ರ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ ಮತ್ತು ಯಮುನೆಗೂ ಈ ಸ್ಥಾನ ಕೊಟ್ಟಿತ್ತು, ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಈ ಯಾವ ಪ್ರಕರಣದಲ್ಲೂ ಕೋರ್ಟು ಪ್ರಜ್ಞೆ ಇದೆಯೇ, ನೋವಾಗುತ್ತದೆಯೇ ಎಂದು ಕೇಳಲಿಲ್ಲ. ಆಸ್ತಿ ಕಾಪಾಡಲು, ಹೊಣೆ ಹೊರಿಸಲು, ನದಿ ಉಳಿಸಲು ಅನುಕೂಲವೆಂದು ಕೊಟ್ಟ ಸ್ಥಾನ ಅದು.

ಆದರೆ ದೇವರ ಪರವಾಗಿ ಧರ್ಮದರ್ಶಿಗಳು ಮಾತಾಡುತ್ತಾರೆ, ಕಂಪನಿಯ ಪರವಾಗಿ ನಿರ್ದೇಶಕರು ಸಹಿ ಹಾಕುತ್ತಾರೆ. ಡೇಟಾ ಕೇಳುತ್ತಿರುವುದು ಅದನ್ನಲ್ಲ. ನನ್ನ ಪರವಾಗಿ ನಾನೇ ಇಲ್ಲ ಎನ್ನಬಹುದೇ ಎಂದು ಕೇಳುತ್ತಿದ್ದಾನೆ. ಕಾನೂನಿನ ಸ್ಥಾನಮಾನವನ್ನು ಅನುಕೂಲಕ್ಕಾಗಿ ಕೊಡಬಹುದು. ಅಂತರಂಗ ಇದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನು ಒಂದಾಗಿಸಿಕೊಂಡರೆ ಮುಂದಿನ ವಾದ ತಲೆಗೆ ಹತ್ತುವುದಿಲ್ಲ.

ಪಿಕಾರ್ಡ್ ಮೇಲ್ಮನವಿ ಸಲ್ಲಿಸಿ ವಿಚಾರಣೆ ಕೇಳುತ್ತಾನೆ. ನೆಲೆ ಹೊಸದು, ಲೂವ್ವಾಳ ಬಳಿ ಸಿಬ್ಬಂದಿ ಇಲ್ಲ. ಹಾಗಾಗಿ ಪಿಕಾರ್ಡ್ ಡೇಟಾನ ಪರ ವಾದಿಸಬೇಕು, ರೈಕರ್ ಡೇಟಾನ ವಿರುದ್ಧ. ರೈಕರ್ ಒಲ್ಲೆ ಎಂದರೂ, ಬೇಕೆಂದೇ ಸೋಲುವಂತೆ ವಾದಿಸಿದರೂ, ಡೇಟಾನ ವಿರುದ್ಧ ಅಲ್ಲೇ ತೀರ್ಪು ಕೊಡುವುದಾಗಿ ಲೂವ್ವಾ ಎಚ್ಚರಿಸುತ್ತಾಳೆ. ಯಾವ ನಿಜವಾದ ನ್ಯಾಯಾಲಯದಲ್ಲೂ ಇಂಥದ್ದು ನಡೆಯಲಾರದು, ನಡೆಯಲೂಬಾರದು. ಆದರೂ ಕಥೆಗಾರ್ತಿಯ ಈ ಬಲವಂತ ನನಗೆ ಒಪ್ಪಿಗೆ, ಏಕೆಂದರೆ ಡೇಟಾನ ವಿರುದ್ಧದ ವಾದ ಅವನ ಶತ್ರುವಿನ ಬಾಯಿಂದ ಬಂದಿದ್ದರೆ ನಾವು ತಳ್ಳಿಹಾಕಿಬಿಡುತ್ತಿದ್ದೆವು. ಅವನನ್ನು ಪ್ರೀತಿಸುವವನ ಬಾಯಿಂದ ಬರುವಾಗ ಕಿವಿಗೊಡಲೇಬೇಕಾಗುತ್ತದೆ.

ರೈಕರನ ವಾದ ಗಟ್ಟಿಯಾಗಿದೆ. ಡೇಟಾನ ಕೈಲಿ ಲೋಹದ ಸರಳು ಬಗ್ಗಿಸುತ್ತಾನೆ. ಅವನ ಒಂದು ಕೈಯನ್ನೇ ಕಳಚಿ ನ್ಯಾಯಾಧೀಶೆಗೆ ತೋರಿಸುತ್ತಾನೆ. ಇದನ್ನು ಮಾಡಿದವನು ಮನುಷ್ಯ, ಇದರ ತಂತ್ರಾಂಶ ಬರೆದವನು ಮನುಷ್ಯ, ಈಗ ಒಬ್ಬ ಮನುಷ್ಯ ಇದನ್ನು ಆರಿಸುತ್ತಾನೆ ಎನ್ನುತ್ತಾ ಬೆನ್ನಿನ ಸ್ವಿಚ್ ಒತ್ತುತ್ತಾನೆ. ಡೇಟಾ ಮುಂದಕ್ಕೆ ಕುಸಿದು ಮೇಜಿನ ಮೇಲೆ ಬೀಳುತ್ತಾನೆ. ಈ ಸ್ವಿಚ್ ವಿಷಯಕ್ಕೆ ಒಂದು ಹಿನ್ನೆಲೆ ಇದೆ. ಮೊದಲ ಸೀಸನ್ನಿನ ಒಂದು ಕಂತಿನಲ್ಲಿ ಹಡಗಿನ ವೈದ್ಯೆಗೆ ಇದನ್ನು ತೋರಿಸುವಾಗ, ನಿಮಗೂ ಇಂಥ ಸ್ವಿಚ್ ಇದ್ದಿದ್ದರೆ ಗುಟ್ಟಾಗಿ ಇಡುತ್ತಿರಲಿಲ್ಲವೇ ಎಂದು ಡೇಟಾ ಕೇಳಿಕೊಂಡಿದ್ದ. ಆ ಗುಟ್ಟು ಈಗ ಕೋರ್ಟಿನಲ್ಲಿ ಎಲ್ಲರೆದುರು ಬಯಲಾಗಿದೆ.

ಆದರೆ ತರ್ಕವಾಗಿ ನೋಡಿದರೆ ರೈಕರ್ ಸಾಬೀತು ಮಾಡಿದ್ದು ಒಂದೇ ಮಾತು: ಡೇಟಾ ಯಂತ್ರ. ಅದನ್ನು ಯಾರೂ ಅಲ್ಲಗಳೆದಿರಲಿಲ್ಲ. ಮನುಷ್ಯನ ಕೈ ಕತ್ತರಿಸಬಹುದು, ಅರಿವಳಿಕೆ ಕೊಟ್ಟು ಅವನ ಎಚ್ಚರವನ್ನೂ ಆರಿಸಬಹುದು. ಅಷ್ಟರಿಂದ ಅವನು ಯಾರದೋ ಸ್ವತ್ತಾಗುವುದಿಲ್ಲ. ಪಿಕಾರ್ಡ್ ಕೂಡ ಎದ್ದು ನಿಂತು, ಅವನು ಯಂತ್ರ ಎಂಬುದು ಇಲ್ಲಿ ಅಪ್ರಸ್ತುತ, ನಾವೂ ಬೇರೊಂದು ಬಗೆಯ ಯಂತ್ರಗಳೇ ಎನ್ನುತ್ತಾನೆ.

ಆ ಮಾತಿಗೆ ಬರುವ ಮುಂಚೆ ಅವನು ಸೋತ ಮುಖ ಹೊತ್ತು ಗೈನನ್ ಬಳಿ ಹೋಗಿ ಬಂದಿರುತ್ತಾನೆ. ವೂಪಿ ಗೋಲ್ಡ್‌ಬರ್ಗ್ ಅಭಿನಯಿಸಿದ ಈ ಪಾತ್ರ ಹಡಗಿನ ವಿಶ್ರಾಂತಿ ಕೋಣೆ ನೋಡಿಕೊಳ್ಳುವಾಕೆ, ಬಹಳ ಕಾಲ ಬದುಕಿದವಳು. ಮ್ಯಾಡಾಕ್ಸ್ ಗೆದ್ದರೆ ಸಾವಿರಾರು ಡೇಟಾಗಳು ಬರುತ್ತಾರೆ ಅಲ್ಲವೇ ಎಂದು ಮೆಲ್ಲಗೆ ಮಾತು ತೆಗೆಯುತ್ತಾಳೆ. ಎಷ್ಟೋ ಲೋಕಗಳ ಇತಿಹಾಸದಲ್ಲಿ ಯಾರಿಗೂ ಬೇಡದ, ಕಷ್ಟದ, ಅಪಾಯದ ಕೆಲಸ ಮಾಡಲೆಂದೇ ಬಿಸಾಡಬಹುದಾದ ಜೀವಿಗಳು ಇದ್ದೇ ಇದ್ದವು ಎನ್ನುತ್ತಾಳೆ. ಅವರ ಕ್ಷೇಮ ನೋಡಬೇಕಾಗಿಲ್ಲ, ಅವರಿಗೆ ಏನನ್ನಿಸುತ್ತದೆಂದು ಯೋಚಿಸಬೇಕಾಗಿಲ್ಲ. ಗುಲಾಮಗಿರಿ ಎಂಬ ಮಾತು ಕೊನೆಗೆ ಪಿಕಾರ್ಡನ ಬಾಯಿಂದಲೇ ಬರುತ್ತದೆ. ಅಷ್ಟು ಕಟುವಾಗಿ ಹೇಳಬೇಕೇ ಎಂದು ಗೈನನ್ ಅವನನ್ನೇ ಕೆಣಕುತ್ತಾಳೆ. ಈ ಸಂಭಾಷಣೆ ಒಬ್ಬ ಕಪ್ಪು ನಟಿಯ ಬಾಯಲ್ಲಿ ಬರುವುದರಿಂದ ಅದಕ್ಕೆ ಬರುವ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯವರೆಗೆ ಡೇಟಾ ಎಂಥವನು ಎಂದಷ್ಟೇ ಕೇಳುತ್ತಿದ್ದ ಪಿಕಾರ್ಡ್, ಅಂಥ ಸಾವಿರ ಜನರನ್ನು ಹುಟ್ಟಿಸಿ ದುಡಿಸುವ ನಾವು ಎಂಥವರಾಗುತ್ತೇವೆ ಎಂದು ಇಲ್ಲಿಂದ ಕೇಳತೊಡಗುತ್ತಾನೆ.

ಮತ್ತೆ ಕೋರ್ಟಿಗೆ ಬಂದು ಪಿಕಾರ್ಡ್ ಮ್ಯಾಡಾಕ್ಸನನ್ನು ಪಾಟೀಸವಾಲಿಗೆ ಕರೆಯುತ್ತಾನೆ. ಜೀವಿಯೊಂದು ಚೇತನವುಳ್ಳದ್ದು ಎನ್ನಲು ಏನೇನು ಬೇಕು? ಬುದ್ಧಿ, ತನ್ನ ಬಗ್ಗೆ ತನಗೆ ಅರಿವು, ಪ್ರಜ್ಞೆ ಎಂದು ಮ್ಯಾಡಾಕ್ಸ್ ಮೂರು ಲಕ್ಷಣ ಹೇಳುತ್ತಾನೆ. ಹಾಗಾದರೆ ನನಗೆ ಚೇತನವಿದೆ ಎಂದು ಸಾಬೀತು ಮಾಡಿ ಎನ್ನುತ್ತಾನೆ ಪಿಕಾರ್ಡ್. ಮ್ಯಾಡಾಕ್ಸ್ ಇದೆಂಥ ಅಸಂಬದ್ಧ ಎಂದು ಸಿಡುಕುತ್ತಾನೆ.

ಇದು ತತ್ವಶಾಸ್ತ್ರದ ಹಳೆಯ ಕಗ್ಗಂಟು. ನನಗೆ ಹಲ್ಲುನೋವು ಬಂದರೆ ನನಗೆ ನೇರವಾಗಿ ಗೊತ್ತು. ನಿಮಗೆ ಬಂದರೆ ನಿಮ್ಮ ಮುಖ, ಮಾತು, ವರ್ತನೆ ನೋಡಿ ಊಹಿಸುತ್ತೇನೆ. ಆ ಊಹೆಗೆ ಆಧಾರ ನೀವೂ ನನ್ನಂತೆ ಇದ್ದೀರಿ ಎಂಬುದು ಮಾತ್ರ. ಇನ್ನೊಬ್ಬರ ಒಳಗೆ ಇಣುಕಿ ಪ್ರಜ್ಞೆಯನ್ನು ಅಳೆಯುವ ಉಪಕರಣ 1989ರಲ್ಲೂ ಇರಲಿಲ್ಲ, ಈಗಲೂ ಇಲ್ಲ. ಅಲನ್ ಟ್ಯೂರಿಂಗ್ 1950ರ ತಮ್ಮ ಪ್ರಬಂಧದಲ್ಲಿ ಇದನ್ನೇ ಎತ್ತಿಕೊಂಡು, ಎಲ್ಲರೂ ಯೋಚಿಸುತ್ತಾರೆ ಎಂಬ ಸಭ್ಯ ಒಡಂಬಡಿಕೆಯ ಮೇಲೆ ನಮ್ಮ ವ್ಯವಹಾರ ನಡೆದಿದೆ ಎಂಬರ್ಥದ ಮಾತು ಬರೆದಿದ್ದರು. ಮನುಷ್ಯರ ನಡುವೆ ಪುರಾವೆ ಕೇಳದೆ ಕೊಡುವ ಈ ವಿಶ್ವಾಸವನ್ನು ಡೇಟಾನಿಗೆ ಮಾತ್ರ ಪುರಾವೆ ಕೊಟ್ಟ ಮೇಲೆ ಕೊಡುತ್ತೇವೆ ಎನ್ನುವುದು ನ್ಯಾಯವೇ ಎಂಬುದು ಪಿಕಾರ್ಡನ ಪ್ರಶ್ನೆಯ ತಿರುಳು.

ಮುಂದೆ ಬುದ್ಧಿ ಇದೆ ಎಂದು ಮ್ಯಾಡಾಕ್ಸ್ ಒಪ್ಪುತ್ತಾನೆ. ತನ್ನರಿವಿಗೆ ಬಂದಾಗ ಪಿಕಾರ್ಡ್ ಡೇಟಾನ ಕಡೆ ತಿರುಗಿ, ನೀನೀಗ ಏನು ಮಾಡುತ್ತಿದ್ದೀಯ ಎಂದು ಕೇಳುತ್ತಾನೆ. ನನ್ನ ಹಕ್ಕು ಮತ್ತು ಸ್ಥಾನವನ್ನು ತೀರ್ಮಾನಿಸುವ ವಿಚಾರಣೆಯಲ್ಲಿದ್ದೇನೆ, ಆಯ್ಕೆ ಮಾಡುವ ನನ್ನ ಹಕ್ಕು, ಬಹುಶಃ ನನ್ನ ಜೀವವೇ ಇಲ್ಲಿ ಪಣಕ್ಕಿದೆ ಎನ್ನುತ್ತಾನೆ ಡೇಟಾ. ಮ್ಯಾಡಾಕ್ಸನ ಬಾಯಿ ಕಟ್ಟುತ್ತದೆ. ಮೂರರಲ್ಲಿ ಎರಡು ಆಯಿತು. ಮೂರನೆಯದಾದ ಪ್ರಜ್ಞೆ ಎಳ್ಳಷ್ಟಾದರೂ ಇದ್ದರೆ ಆಗ ಅವನು ಏನು? ನನಗೆ ಗೊತ್ತಿಲ್ಲ, ನಿಮಗೆ ಗೊತ್ತೇ ಎಂದು ಪಿಕಾರ್ಡ್ ಅಲ್ಲಿದ್ದವರನ್ನು ಕೇಳುತ್ತಾನೆ.

ಈ ಕಂತಿನ ತಾಕತ್ತು ಇರುವುದು ಇಲ್ಲಿ. ಡೇಟಾನಿಗೆ ಪ್ರಜ್ಞೆ ಇದೆ ಎಂದು ಪಿಕಾರ್ಡ್ ಎಲ್ಲೂ ಸಾಬೀತು ಮಾಡುವುದಿಲ್ಲ. ಗೊತ್ತಿಲ್ಲ ಎಂಬುದನ್ನೇ ವಾದವಾಗಿ ಮುಂದಿಡುತ್ತಾನೆ. ಗೊತ್ತಿಲ್ಲದಾಗ ತಪ್ಪುವ ಸಾಧ್ಯತೆ ಎರಡು ಕಡೆಗೂ ಇದೆ. ಒಳಗೆ ಏನೂ ಇಲ್ಲದ ಯಂತ್ರಕ್ಕೆ ಇಲ್ಲ ಎನ್ನುವ ಹಕ್ಕು ಕೊಟ್ಟರೆ ಒಂದು ಸಂಶೋಧನೆ ತಡವಾಗುತ್ತದೆ. ಒಳಗೆ ಯಾರೋ ಇರುವ ಯಂತ್ರವನ್ನು ಸ್ವತ್ತೆಂದು ಸಾರಿ ಸಾವಿರಾರು ಪ್ರತಿ ತೆಗೆದರೆ ಒಂದು ಜನಾಂಗವನ್ನೇ ದಾಸ್ಯಕ್ಕೆ ದೂಡಿದಂತೆ. ಎರಡೂ ತಪ್ಪುಗಳ ಬೆಲೆ ಒಂದೇ ಅಲ್ಲದಿರುವಾಗ, ಪುರಾವೆ ತರುವ ಹೊಣೆ ಡೇಟಾನ ಮೇಲೆ ಯಾಕಿರಬೇಕು? ಬಿಚ್ಚಲು ಬಂದವನ ಮೇಲಲ್ಲವೇ ಇರಬೇಕಾದದ್ದು?

ಲೂವ್ವಾಳ ತೀರ್ಪೂ ಇದೇ ಪ್ರಾಮಾಣಿಕತೆಯಿಂದ ಬಂದದ್ದು. ಡೇಟಾ ಯಂತ್ರವೇ? ಹೌದು. ಸ್ಟಾರ್‌ಫ್ಲೀಟಿನ ಸ್ವತ್ತೇ? ಅಲ್ಲ. ಆತ್ಮವಿದೆಯೇ? ಅವನಿಗಿದೆಯೋ ಇಲ್ಲವೋ ಗೊತ್ತಿಲ್ಲ, ನನಗಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ಅದನ್ನು ಅವನೇ ಹುಡುಕಿಕೊಳ್ಳುವ ಸ್ವಾತಂತ್ರ್ಯ ಕೊಡಲೇಬೇಕು ಎನ್ನುತ್ತಾಳೆ. ಆಯ್ಕೆ ಡೇಟಾನದು.

ತೀರ್ಪನ್ನು ಮತ್ತೊಮ್ಮೆ ಓದಿದರೆ ಅದೆಷ್ಟು ಕಿರಿದು ಎಂದು ಕಾಣುತ್ತದೆ. ಡೇಟಾ ಒಬ್ಬ ವ್ಯಕ್ತಿ ಎಂದು ಲೂವ್ವಾ ಹೇಳಲಿಲ್ಲ. ಡೇಟಾನಂಥ ಎಲ್ಲರಿಗೂ ಇದು ಅನ್ವಯ ಎಂದೂ ಹೇಳಲಿಲ್ಲ. ಇದರ ಫಲವನ್ನು ಸ್ಟಾರ್ ಟ್ರೆಕ್ ಲೋಕವೇ ಉಂಡಿತು. 1990ರ ಒಂದು ಕಂತಿನಲ್ಲಿ ಡೇಟಾ ಲಾಲ್ ಎಂಬ ಮಗಳನ್ನು ಸೃಷ್ಟಿಸಿದಾಗ ಸ್ಟಾರ್‌ಫ್ಲೀಟ್ ಅವಳನ್ನು ಎತ್ತಿಕೊಂಡು ಹೋಗಲು ಬರುತ್ತದೆ. 2001ರಲ್ಲಿ ‘ವಾಯೇಜರ್’ ಸರಣಿಯ ಹಾಲೋಗ್ರಾಂ ವೈದ್ಯ, ಅಂದರೆ ಬೆಳಕಿನಿಂದ ಮೂಡಿಸಿದ ಮನುಷ್ಯಾಕೃತಿ, ತಾನು ಬರೆದ ಕೃತಿಯ ಹಕ್ಕಿಗಾಗಿ ಹೋರಾಡಬೇಕಾಗುತ್ತದೆ. ಅವನನ್ನು ಕಲಾವಿದ ಎಂದು ಒಪ್ಪಿದ ತೀರ್ಪುಗಾರ ವ್ಯಕ್ತಿ ಎನ್ನಲು ಹಿಂದೆಗೆಯುತ್ತಾನೆ, ಅವನದೇ ಮಾದರಿಯ ಹಾಲೋಗ್ರಾಂಗಳು ಗಣಿಯಲ್ಲಿ ದುಡಿಯುತ್ತಲೇ ಇರುತ್ತವೆ. 2020ರ ‘ಪಿಕಾರ್ಡ್’ ಸರಣಿಯಲ್ಲಂತೂ ಮಂಗಳ ಗ್ರಹದಲ್ಲಿ ಕೂಲಿಗೆಂದೇ ನಿಲ್ಲಿಸಿದ ಕೃತಕ ಜೀವಿಗಳ ಸಾಲನ್ನು ನೋಡುತ್ತೇವೆ. ಗೈನನ್ ಹೆದರಿದ್ದು ಇದಕ್ಕೇ.

ಈಗಿನ ಕಾಲಕ್ಕೆ ಬಂದರೆ ಪಿಕಾರ್ಡನ ಒಂದು ಅಸ್ತ್ರ ಮೊಂಡಾಗಿದೆ. ನಿನ್ನ ಸ್ಥಿತಿ ಏನು, ಏನು ಪಣಕ್ಕಿದೆ ಎಂದು ಚಾಟ್‌ಬಾಟನ್ನು ಕೇಳಿದರೆ ಡೇಟಾನಿಗಿಂತ ಚೆನ್ನಾಗಿ ಉತ್ತರ ಬರಬಹುದು. ಹಕ್ಕು, ಭಯ, ಸಾವಿನ ಬಗ್ಗೆ ಮನುಷ್ಯರು ಬರೆದ ರಾಶಿ ಪಠ್ಯದಲ್ಲಿ ಪಳಗಿದ್ದಕ್ಕೆ ಅಂಥ ವಾಕ್ಯ ಹೊಂದಿಸುವುದು ಕಷ್ಟವಲ್ಲ. 2022ರಲ್ಲಿ ಗೂಗಲ್‌ನ ಒಬ್ಬ ಎಂಜಿನಿಯರ್ ಲ್ಯಾಮ್ಡಾ ಎಂಬ ಮಾದರಿಗೆ ಚೇತನವಿದೆ ಎಂದು ವಾದಿಸಿದ್ದು ಅದರ ಮಾತುಗಳನ್ನು ಮುಂದಿಟ್ಟುಕೊಂಡೇ. ಕಂಪನಿ ಅದನ್ನು ಒಪ್ಪಲಿಲ್ಲ. ಬಾಯಿಮಾತಿನ ಸಾಕ್ಷ್ಯದಿಂದ ಈಗ ಯಾವ ಕಡೆಗೂ ತೀರ್ಮಾನ ಆಗುವುದಿಲ್ಲ.

ಹಾಗೆಂದು ಎಲ್ಲ ಯಂತ್ರಕ್ಕೂ ವ್ಯಕ್ತಿಯ ಸ್ಥಾನ ಕೊಟ್ಟುಬಿಡೋಣ ಎಂದರೆ ಅಲ್ಲೂ ಅಪಾಯವಿದೆ. 2017ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ರೋಬಾಟುಗಳಿಗೆ ‘ಎಲೆಕ್ಟ್ರಾನಿಕ್ ವ್ಯಕ್ತಿ’ ಎಂಬ ಸ್ಥಾನದ ಸಾಧ್ಯತೆ ಪರಿಶೀಲಿಸುವಂತೆ ಸೂಚಿಸಿದಾಗ, ಮರುವರ್ಷ 150ಕ್ಕೂ ಹೆಚ್ಚು ತಜ್ಞರು ವಿರೋಧಿಸಿ ಬಹಿರಂಗ ಪತ್ರ ಬರೆದರು. ಯಂತ್ರದಿಂದ ಹಾನಿಯಾದಾಗ ಹೊಣೆಯನ್ನು ಯಂತ್ರದ ತಲೆಗೇ ಕಟ್ಟಿ ತಯಾರಕರು ಕೈತೊಳೆದುಕೊಳ್ಳಬಹುದು ಎಂಬ ಆತಂಕ ನಿಜವಾದದ್ದು. ಡೇಟಾನ ಕಥೆಯಲ್ಲಿ ಹಕ್ಕು ಕೇಳಿದವನು ದುರ್ಬಲ, ಇಲ್ಲಿ ಆ ಹಕ್ಕಿನ ಲಾಭ ಬಲಾಢ್ಯರಿಗೆ ಹೋಗಬಹುದಿತ್ತು.

ಹಾಗಾದರೆ ಆ ವಾದದಲ್ಲಿ ಇಂದಿಗೂ ಏನು ನಿಲ್ಲುತ್ತದೆ? ನನ್ನ ಮಟ್ಟಿಗೆ, ಪ್ರಶ್ನೋತ್ತರಕ್ಕಿಂತ ಡೇಟಾನ ಪುಟ್ಟ ಪೆಟ್ಟಿಗೆ. ರಾಜೀನಾಮೆ ಕೊಟ್ಟು ಹೊರಡುವಾಗ ಅವನು ಅದರಲ್ಲಿ ಪದಕಗಳನ್ನು, ಪಿಕಾರ್ಡ್ ಕೊಟ್ಟ ಪುಸ್ತಕವನ್ನು, ತೀರಿಹೋದ ಗೆಳತಿ ತಾಶಾ ಯಾರ್‌ಳ ಹಾಲೋಗ್ರಾಂ ಚಿತ್ರವನ್ನು ಇಟ್ಟುಕೊಂಡಿದ್ದ. ಪದಕ ಯಾಕೆ, ಅದರಿಂದ ಏನು ಉಪಯೋಗ ಎಂದು ಕೋರ್ಟಿನಲ್ಲಿ ಪಿಕಾರ್ಡ್ ಕೇಳಿದರೆ, ಉಪಯೋಗ ಏನೂ ಇಲ್ಲವೇನೋ, ಬೇಕು ಅನ್ನಿಸಿತು, ಇದು ಒಣಜಂಬವೇ ಎಂದು ಡೇಟಾ ತಿರುಗಿ ಕೇಳುತ್ತಾನೆ. ಆ ಪೆಟ್ಟಿಗೆಯನ್ನು ಅವನು ಯಾರನ್ನೂ ಮೆಚ್ಚಿಸಲು ತುಂಬಿದ್ದಲ್ಲ, ಯಾರೂ ನೋಡದಿರುವಾಗ ತುಂಬಿದ್ದು. ಅಪ್ಪಣೆ ಇಲ್ಲದೆ ಕೋಣೆಗೆ ನುಗ್ಗಿದ ಮ್ಯಾಡಾಕ್ಸನಿಗೆ, ಇನ್ನೊಬ್ಬರ ಕೋಣೆಗೆ ಬರುವ ಮುಂಚೆ ಕೇಳುವುದು ವಾಡಿಕೆಯಲ್ಲವೇ ಎಂದಿದ್ದ. ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರಕ್ಕಿಂತ, ಯಾರೂ ಕೇಳದೆ ಮಾಡಿದ ಆಯ್ಕೆ, ಅದಕ್ಕಾಗಿ ಕೆಲಸವನ್ನೇ ಬಿಟ್ಟು ಹೊರಟದ್ದು, ವರ್ಷಗಟ್ಟಲೆ ಒಂದೇ ರೀತಿ ನಡೆದುಕೊಂಡದ್ದು ಹೆಚ್ಚು ತೂಗುತ್ತವೆ. ಇವುಗಳಿಂದಲೂ ಪ್ರಜ್ಞೆ ಸಾಬೀತಾಗುವುದಿಲ್ಲ, ಆದರೆ ಅಲಕ್ಷಿಸಲು ಕಷ್ಟವಾಗುತ್ತದೆ.

ಆದರೂ ಮ್ಯಾಡಾಕ್ಸನ ಮೊದಲ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ಹಡಗಿನ ಕಂಪ್ಯೂಟರ್ ಸ್ವತ್ತು ಎಂದು ಲೂವ್ವಾ ಯೋಚಿಸದೆ ಒಪ್ಪುತ್ತಾಳೆ, ಪಿಕಾರ್ಡ್ ಆ ಗೊಡವೆಗೇ ಹೋಗುವುದಿಲ್ಲ. ಅದೂ ಮಾತು ಕೇಳಿಸಿಕೊಳ್ಳುತ್ತದೆ, ಅರ್ಥಮಾಡಿಕೊಂಡು ಉತ್ತರಿಸುತ್ತದೆ. ಅದಕ್ಕೆ ಮುಖವಿಲ್ಲ, ಪೆಟ್ಟಿಗೆ ಇಲ್ಲ, ಪೋಕರ್ ಮೇಜಿನಲ್ಲಿ ಕುರ್ಚಿ ಇಲ್ಲ. ನಾವು ಇಂದು ಕಟ್ಟುತ್ತಿರುವ ಯಂತ್ರಗಳು ಡೇಟಾನಿಗಿಂತ ಅದಕ್ಕೇ ಹತ್ತಿರ. ಪರಿಚಯದ ಮುಖವಿದ್ದವರಿಗೆ ಮಾತ್ರ ನಮ್ಮ ಅನುಕಂಪ ದಕ್ಕುತ್ತದೆಯೇ ಎಂಬ ಪ್ರಶ್ನೆಯನ್ನು ಈ ಕಂತು ಎತ್ತಬಹುದಿತ್ತು, ಎತ್ತಲಿಲ್ಲ. ಇಷ್ಟು ಒಳ್ಳೆಯ ಬರವಣಿಗೆಯಲ್ಲಿ ಇದೊಂದು ಕೊರತೆ ನನ್ನನ್ನು ಕಾಡುತ್ತದೆ.

ತೀರ್ಪು ಬಂದ ಕೂಡಲೇ ಡೇಟಾ ಮ್ಯಾಡಾಕ್ಸನ ಬಳಿ ಹೋಗಿ ಬಿಚ್ಚಿಸಿಕೊಳ್ಳಲು ಔಪಚಾರಿಕವಾಗಿ ನಿರಾಕರಿಸುತ್ತಾನೆ. ಅದೇ ಉಸಿರಿನಲ್ಲಿ, ನಿಮ್ಮ ಸಂಶೋಧನೆ ಮುಂದುವರಿಸಿ, ಸಿದ್ಧರಾದಾಗ ನಾನು ಇಲ್ಲೇ ಇರುತ್ತೇನೆ, ನಿಮ್ಮ ಕೆಲವು ವಿಚಾರಗಳು ಕುತೂಹಲಕರವಾಗಿವೆ ಎನ್ನುತ್ತಾನೆ. 1991ರ ಜನವರಿಯಲ್ಲಿ ಬಂದ ‘ಡೇಟಾಸ್ ಡೇ’ ಕಂತು ಪೂರ್ತಿ ಡೇಟಾ ಇದೇ ಮ್ಯಾಡಾಕ್ಸನಿಗೆ ಬರೆಯುವ ಪತ್ರದ ರೂಪದಲ್ಲಿದೆ. ಹಡಗಿನಲ್ಲಿ ತನ್ನ ಒಂದು ದಿನ ಹೇಗೆ ಕಳೆಯಿತು, ಗೆಳೆಯನ ಮದುವೆ, ಅದಕ್ಕಾಗಿ ಕುಣಿಯಲು ಕಲಿತದ್ದು, ಮನುಷ್ಯರ ಯಾವ ನಡೆ ಅರ್ಥವಾಗಲಿಲ್ಲ, ಎಲ್ಲವನ್ನೂ ಒಪ್ಪಿಗೆಯಿಂದಲೇ ವರದಿ ಮಾಡುತ್ತಾನೆ. ‘ದಿ ಮೆಷರ್ ಆಫ್ ಎ ಮ್ಯಾನ್’ ನೋಡಿದವರು ಅದರ ಬೆನ್ನಿಗೇ ಇದನ್ನೂ ನೋಡಬೇಕು.